ಹಾಡಿಲ್ಲದ ಕಲ್ಲುಗಳು

ಮೊದಲ ಕಲ್ಲನ್ನು ಮಗುಚಿಸಿದಾಗ ಅಡಿಯಲ್ಲಿ ಗುರುತು ಇರಲಿಲ್ಲ. ಹೋಗಲಿ, ಒಂದು ಕಲ್ಲು ತಾನೆ ಎಂದು ಮೇಸ್ತ್ರಿ ಎರಡನೆಯದಕ್ಕೆ ಹಾರೆ ಹಾಕಿಸಿದ. ಅಲ್ಲೂ ಇಲ್ಲ. ಮೂರನೆಯದು ಮಗುಚುವ ಹೊತ್ತಿಗೆ ಹಾರೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡತೊಡಗಿದ್ದರು. ಮಳೆಗಾಲವಿಡೀ ಕಲ್ಲು ಕೂತಿದ್ದ ನೆಲದ ಮೇಲೆ ಮಾತ್ರ ಕೆಂಪಗೊಂದು ಕಲೆ, ಗಾಯ ಒರೆಸಿದ ಬಟ್ಟೆಯ ಹಾಗೆ. ಕೆಮ್ಮಣ್ಣಿನ ಜಾಜಿನಲ್ಲಿ ಬರೆದಿದ್ದ ಅಂಕಿ ಕಲ್ಲನ್ನು ಬಿಟ್ಟು ಮಣ್ಣಿಗೆ ಇಳಿದುಹೋಗಿತ್ತು.

“ಇದೇನು ಭಾವ, ದೇವರು ನಿನ್ನ ಲೆಕ್ಕಾನೆಲ್ಲ ನೆಕ್ಕಿಬಿಟ್ಟಿದ್ದಾನೆ?” ಎಂದ ಕ್ರೇನು ನಡೆಸುವ ಬಾಮೈದ. ಎಂಥ ಹೊತ್ತಿನಲ್ಲೂ ಒಂದು ಕೊಂಕು ಆಡದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ಮೇಸ್ತ್ರಿ ನಗಲಿಲ್ಲ. ಬಯಲಿನ ಉದ್ದಕ್ಕೂ ಸಾಲುಸಾಲಾಗಿ ಕೂತಿದ್ದ ಕಲ್ಲುಗಳ ಕಡೆ ನೋಡಿದ. ಒಂದಿಡೀ ಗುಡಿ ಅಲ್ಲಿ ಬಿಡಿಬಿಡಿಯಾಗಿ ಕೂತಿತ್ತು. ಯಾವುದು ಯಾವುದರ ಪಕ್ಕ, ಯಾವುದು ಯಾವುದರ ಮೇಲೆ ಎಂದು ಹೇಳುವುದಕ್ಕೆ ಆ ಕಲ್ಲುಗಳಿಗೆ ಇದ್ದದ್ದು ಆ ಕೆಂಪು ಅಂಕಿಯೊಂದೇ. ಸಂಜೆಯವರೆಗೂ ಮಗುಚಿಸಿದ. ಎಲ್ಲೋ ಒಂದರಲ್ಲಿ ಅಂಕಿಯ ಬಾಲ, ಇನ್ನೊಂದರಲ್ಲಿ ಬರೀ ಕೆಂಪು ನೆರಳು. ಉಳಿದವು ಹುಟ್ಟಿದಾಗಿನಂತೆ ಬರಿಮೈಯಲ್ಲಿದ್ದವು.

ತಪ್ಪು ನಡೆದದ್ದು ಭಕ್ತಿಯಿಂದ. ಕೆಳಗೆ ಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿತ್ತು. ನೀರು ನಿಲ್ಲುವ ಮೊದಲು ಗುಡಿಯನ್ನು ಬಿಚ್ಚಿ, ಮೇಲಿನ ಬಯಲಿಗೆ ತಂದು, ಇದ್ದ ಹಾಗೇ ಮತ್ತೆ ಕಟ್ಟಬೇಕೆಂದು ಹುಕುಂ ಆಯಿತು. ಜಿಲ್ಲೆಯಲ್ಲಿ ಅದಕ್ಕಿಂತ ಹಳೆಯ ಗುಡಿ ಇರಲಿಲ್ಲ. ಗಾರೆ ಕಾಣದ ಒಣ ಕಟ್ಟಡ ಅದು; ಒಂದೊಂದು ಕಲ್ಲನ್ನೂ ಪಕ್ಕದ ಕಲ್ಲಿಗೆ ಉಜ್ಜಿ ಉಜ್ಜಿ, ಕೂದಲು ತೂರದ ಹಾಗೆ ಕೂರಿಸಿದ್ದರು. ಅದನ್ನು ಬಿಚ್ಚುವುದಾದರೆ ಗುಂಡುಮೇಸ್ತ್ರಿಯೇ ಬಿಚ್ಚಬೇಕು ಎಂದು ಊರವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಜೇಬಿನಲ್ಲಿ ಗೋಡೆಯ ನೇರ ನೋಡುವ ತೂಗುಗುಂಡು ಇಲ್ಲದೆ ಹೊಸಿಲು ದಾಟದವನು ಎಂದು ಅವನಿಗೆ ಆ ಹೆಸರು.

ಕೆಲಸದ ಮೇಲಿನ ಎಂಜಿನಿಯರ್ ಒಬ್ಬ ಹೆಂಗಸು. ಬಿಸಿಲಿಗೆ ಟೋಪಿ, ಕೈಯಲ್ಲಿ ನಕ್ಷೆಯ ಸುರುಳಿ, ಮಾತು ನೇರ.

“ಮೇಸ್ತ್ರಿ, ಅಂಕಿ ಹೊರಮುಖದ ಮೇಲೆ ಬರೀರಿ. ಎಣ್ಣೆ ಬಣ್ಣದಲ್ಲಿ. ಕಟ್ಟಿದ ಮೇಲೆ ಉಜ್ಜಿ ತೆಗೆದರಾಯ್ತು.”

“ಆಗಲ್ಲ ಮೇಡಂ. ಜನ ಕೈಮುಗಿದ ಮುಖ ಅದು. ಅದರ ಮೇಲೆ ಬಣ್ಣ ಬಳಿಯೋಕೆ ನನ್ನ ಕೈ ಏಳಲ್ಲ.”

“ಹಾಗಾದ್ರೆ ಉಳಿಯಲ್ಲಿ ಸಣ್ಣಗೆ ಕೊರೀರಿ.”

“ದೇವರದ್ದಾದ ಕಲ್ಲಿಗೆ ಉಳಿ ತಾಗಿಸೋದಾ? ನಮ್ಮಪ್ಪ ಮಣ್ಣಿಂದ ಎದ್ದು ಬಂದು ಕಪಾಳಕ್ಕೆ ಬಿಡ್ತಾರೆ.”

ಅವಳು ನಕ್ಕು, “ಸರಿ, ನಿಮ್ಮ ಕೆಲಸ ನಿಮಗೆ ಗೊತ್ತು” ಎಂದಿದ್ದಳು.

ಗೋಡೆಯಲ್ಲಿ ಪ್ರತಿ ಕಲ್ಲಿಗೂ ಒಂದು ಕೂರುವ ಮುಖ ಇರುತ್ತದೆ. ಕೆಳಗಿನ ಕಲ್ಲಿಗೆ ಒತ್ತಿಕೊಂಡು ಯಾರ ಕಣ್ಣಿಗೂ ಬೀಳದೆ ಇರುವ ಮುಖ. ಮೇಸ್ತ್ರಿ ಅಲ್ಲಿ ಬರೆದ. ಬಣ್ಣದ ಡಬ್ಬಿ ಬೇಡ, ಜಾಜು ಸಾಕು. ಅದು ಮಣ್ಣು, ದೇವರಿಗೆ ಮೈಲಿಗೆಯಲ್ಲ. ಮೇಲೆ ತಂದು ಇಳಿಸುವಾಗಲೂ ಒಂದೇ ಕಟ್ಟಪ್ಪಣೆ: ಒಂದು ಕಲ್ಲೂ ಮುಖ ಅಡಿಯಾಗಿ ಬೀಳಬಾರದು, ಮಗ್ಗುಲಾಗಿ ಮಲಗಬಾರದು, ಗುಡಿಯಲ್ಲಿ ಹೇಗೆ ಕೂತಿತ್ತೋ ಹಾಗೇ ಕೂರಬೇಕು. ಹಾಗೇ ಕೂತವು. ತಮ್ಮ ತಮ್ಮ ಅಂಕಿಯ ಮೇಲೆಯೇ, ಹಸಿ ನೆಲದಲ್ಲಿ, ಇಡೀ ಮಳೆಗಾಲ.

ಆಫೀಸಿನಲ್ಲಿ ನಕ್ಷೆ ಇರಲಿಲ್ಲವೆಂದಲ್ಲ. ಅಂಕಿಗಳೆಲ್ಲ ಅದರಲ್ಲಿ ಸಾಲಾಗಿ ಇದ್ದವು. ಆದರೆ ಆ ಗೋಡೆಗೆ ತಲೆತಲಾಂತರದಿಂದ ಬಳಿದ ಸುಣ್ಣ ಬೆರಳು ದಪ್ಪ ಕೂತು ಸಂದುಗಳನ್ನೇ ನುಂಗಿತ್ತು. ದೂರ ನಿಂತು ಫೋಟೋ ತೆಗೆದವರ ಕಣ್ಣಿಗೂ ಬಿದ್ದದ್ದು ಬಿಳಿ ಗೋಡೆ, ನಡುವೆ ಕಪ್ಪು ಗೆರೆಯಂತೆ ಕಂಡ ಕೆತ್ತನೆಯ ಚಿತ್ತಾರದ ಪಟ್ಟಿ; ಒಂದೊಂದು ಕಲ್ಲಿನ ಆಕಾರ ಎಲ್ಲೂ ಇಳಿಯಲಿಲ್ಲ. ಕಲ್ಲಿನ ಮೇಲೆ ಅಂಕಿ ಇಲ್ಲದೆ ಆ ನಕ್ಷೆ, ಮನೆ ನಂಬರು ಅಳಿಸಿದ ಬೀದಿಯಲ್ಲಿ ಹಿಡಿದ ವಿಳಾಸದ ಚೀಟಿಯಂತಾಗಿತ್ತು.

ಕಲ್ಲು ಮಗುಚಿಸಿದ ಆ ಸಂಜೆ ಮನೆಗೆ ಹೋಗುವ ದಾರಿಯೇ ಅವನಿಗೆ ಬೇಡವಾಗಿತ್ತು. ಮನೆಯಲ್ಲಿ ಅಕ್ಕ ಇದ್ದಳು.

ಕಣಿವೆಯಿಂದ ಎಬ್ಬಿಸಿದವರಿಗೆ ಕಟ್ಟಿಸಿದ ಕಾಲನಿ ಅದು. ಎಲ್ಲ ಮನೆಯೂ ಒಂದೇ ಅಚ್ಚಿನದು, ಎರಡು ಕೋಣೆ, ತಗಡಿನ ಮಾಡು, ಬಾಗಿಲೆದುರು ಬಟ್ಟೆ ಒಣಗುವ ತಂತಿ. ಅಕ್ಕ ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವಳು. ಅವರಪ್ಪ ಪದ ಹೇಳುವವನು. ತಮ್ಮನಿಗೆ ಪದ ಹತ್ತಲಿಲ್ಲ, ಸುತ್ತಿಗೆ ಹತ್ತಿತು. ಅಪ್ಪನ ಬಾಯಲ್ಲಿದ್ದದ್ದೆಲ್ಲ ಅಕ್ಕನ ಪಾಲಿಗೆ ಬಂತು. ಬಾಯಿಂದ ಬಾಯಿಗೆ ಬಂದ ಆ ಪದದಲ್ಲಿ ಜಿಲ್ಲೆಯೇ ಇತ್ತು. ಬೆಟ್ಟದ ಕಣಿವೆ ಬಾಗಿಲಲ್ಲಿ ಅದು ಶುರುವಾಗುತ್ತಿತ್ತು. ಎರಡು ಹೊಳೆಗಳ ಕೈಹಿಡಿದು ಇಳಿಯುತ್ತ, ಉಪ್ಪಿನ ವ್ಯಾಪಾರಿಗಳು ಎತ್ತು ಬಿಚ್ಚಿದ ಕಟ್ಟೆ, ದಂಡು ಬಂದು ಸೋತ ಬಯಲು, ಕುಂಬಾರರ ಕೇರಿ, ಬೆಸ್ತರು ದೋಣಿ ದಾಟಿಸುವ ಕಡವು, ಒಂದೊಂದನ್ನೂ ಮುಟ್ಟಿ ಮಾತಾಡಿಸುತ್ತ ಗುಡಿಗೆ ಬರುತ್ತಿತ್ತು.

ಎರಡು ಹೊಳೆ ಕೂಡಿ ಒಂದಾದ ತಾವಲ್ಲಿ
ಕರಿಯ ಕಲ್ಲಿನ ಗುಡಿಯುಂಟು | ಅದರೊಳಗೆ
ಇರುಳು ಹಗಲೆನದ ಬೆಳಕುಂಟು

ಅಲ್ಲಿಂದ ಗುಡಿಯನ್ನು ಒಂದು ಸುತ್ತು ಬಂದು ಒಳಗೆ ಹೋಗುವುದು. ಒಳಗೆ, ದೀಪದ ಮುಂದೆ, ಕೊನೆಯ ಪದ. ಅದನ್ನು ಆ ನಾಲ್ಕು ಗೋಡೆಯ ಹೊರಗೆ ಹೇಳುವ ಹಾಗಿಲ್ಲ. ಕಲಿಯುವವರೂ ಅಲ್ಲೇ ಕೂತು ಕಿವಿಗೊಟ್ಟು ಕಲಿಯಬೇಕು. ಅಪ್ಪ ಅಕ್ಕನಿಗೆ ಹಾಗೇ ಕಲಿಸಿದ್ದ. ಈಗ ಅದು ಗೊತ್ತಿರುವುದು ಅವಳೊಬ್ಬಳಿಗೇ. ಗುಡಿ ಬಿಚ್ಚಿದ ಮೇಲೆ ಅವಳು ಪದವನ್ನು ಬಾಗಿಲವರೆಗೆ ತಂದು ನಿಲ್ಲಿಸುತ್ತಿದ್ದಳು. ದೇವರ ಮೂರ್ತಿ ಬಯಲಿನ ತಗಡಿನ ಶೆಡ್ಡಿನಲ್ಲಿತ್ತು. ಸಂಜೆ ಹೋಗಿ ಒಂದು ಬತ್ತಿ ಹಚ್ಚಿ, ತುಟಿ ಬಿಗಿದು ಬರುತ್ತಿದ್ದಳು. “ಗುಡಿ ಏಳಲಿ ಅಕ್ಕ, ನಿನ್ನ ಪದ ಒಳಗೆ ಹೋಗೇ ಹೋಗುತ್ತೆ, ಮಾತು ಕೊಟ್ಟಿದೀನಿ” ಎಂದು ತಮ್ಮ ಹೇಳಿದ್ದ.

“ಏನೋ ಇದು, ಹರಳೆಣ್ಣೆ ಕುಡಿದೋನ ಹಾಗೆ ಬಂದಿದ್ದೀಯ?” ಎಂದಳು ಅಕ್ಕ.

ಅವನು ಹೊಸಿಲ ಮೇಲೆ ಕೂತು ಹೇಳಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು. ಅಕ್ಕ ಮಾತ್ರ ಗದರಲಿಲ್ಲ, ಅಳಲಿಲ್ಲ. ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತ ಕೂತಿದ್ದು, “ಅಪ್ಪನ ಪದದಲ್ಲಿ ಗೋಡೆ ಸುತ್ತು ಇದೆಯಲ್ಲೋ” ಎಂದಳು.

“ಇದ್ದರೆ?”

“ಇದ್ದರೆ ಏನು ಇದ್ದರೆ! ಬಾಗಿಲ ಬಲಗಡೆಯಿಂದ ಹಿಡಿದು ಯಾರ ಪಕ್ಕ ಯಾರಿದ್ದಾರೆ ಅಂತ ಒಬ್ಬೊಬ್ಬರನ್ನೂ ಹೇಳುತ್ತೆ. ನಿನ್ನ ಅಂಕಿ ಹೋದರೆ ಹೋಯ್ತು, ನನ್ನ ಬಾಯಿ ಹೋಗಿಲ್ಲವಲ್ಲ.”

ಮುಳುಗುವವನಿಗೆ ಹುಲ್ಲುಕಡ್ಡಿ. ಮಾರನೆಯ ದಿನವೇ ಬಯಲಿನ ನಡುವೆ ಒಂದು ಕುರ್ಚಿ ಹಾಕಿ, ಕುರ್ಚಿಗೆ ಕೊಡೆ ಕಟ್ಟಿ, ಅಕ್ಕನನ್ನು ಕೂರಿಸಿದರು. ಮೇಡಂ ಜೀಪು ಇಳಿದವಳು ಇದೇನೆಂದು ಕೇಳಿದಳು. ಬಾಮೈದ ಮುಂದೆ ಬಂದು, “ಹೊಸ ಎಂಜಿನಿಯರ್ ಮೇಡಂ. ಸಂಬಳ ಕೇಳಲ್ಲ, ಆಗಾಗ ಬಿಸಿನೀರು ಕೊಟ್ಟರೆ ಸಾಕು” ಎಂದ. ಮೇಡಂ ಕೂಡ ಒಂದು ಕಲ್ಲಿನ ಪಕ್ಕ ನಿಂತು ಕೇಳಿದಳು. ಅಕ್ಕ ಗಂಟಲು ಸರಿಮಾಡಿಕೊಂಡು ಎತ್ತಿದಳು.

ಮೂಡಲ ಬಾಗಿಲ ಬಲಕೊಬ್ಬ ಬೇಟೆಗಾರ
ಜೋಡಿ ನಾಯ್ ಹಿಡಿದು ನಿಂತಾನೆ | ಅವನ್ಹಿಂದೆ
ಓಡಲರಿಯದ ಮರಿಜಿಂಕೆ

“ಬೇಟೆಗಾರ! ನಾಯಿ ಎರಡು ಇರೋನು! ಹುಡುಕ್ರೋ!” ಎಂದು ಮೇಸ್ತ್ರಿ ಕೂಗಿದ. ಆಳುಗಳು ಸಾಲುಗಳಲ್ಲಿ ಚದುರಿದರು. ಚಿತ್ತಾರದ ಪಟ್ಟಿಗೆ ಸುಣ್ಣ ಬಳಿದಿರಲಿಲ್ಲವಾದ್ದರಿಂದ ಕೆತ್ತಿದ ಮುಖಗಳು ಹೊಸದಾಗಿಯೇ ಇದ್ದವು. “ಸಿಕ್ಕಿದ ಸಿಕ್ಕಿದ, ಇಲ್ಲಿ ಬಿಸಿಲು ಕಾಯಿಸ್ತಾ ಕೂತಿದಾನೆ!” ಎಂಬ ಕೂಗು ಬಂತು. ಕ್ರೇನು ಅವನನ್ನು ಎತ್ತಿ ತಂದು, ನೆಲದ ಮೇಲೆ ಗೆರೆ ಹಾಕಿದಲ್ಲಿ ಇಳಿಸಿತು. ಅವನ ಹಿಂದೆ ಮರಿಜಿಂಕೆ ಬಂತು. ಮೇಸ್ತ್ರಿ ಎರಡನ್ನೂ ಒತ್ತರಿಸಿ ನೋಡಿದ. ಸಂದು ಮುಚ್ಚಿಕೊಂಡಿತು. ಉಗುರು ಹಾಕಿದ, ಹೋಗಲಿಲ್ಲ. ಇನ್ನೊಮ್ಮೆ ಹಾಕಿ ನೋಡಿದ. ಅಪ್ಪ ಬದುಕಿದ್ದಾಗ ಒಮ್ಮೆಯೂ ಮನಸಿಟ್ಟು ಕೇಳದ ಪದ ಅದು.

ಆ ವಾರವೆಲ್ಲ ಬಯಲಿನಲ್ಲಿ ಮದುವೆ ಮನೆಯ ಗದ್ದಲ. ಅಕ್ಕ ಹೇಳುವುದು, ಆಳುಗಳು ಹುಡುಕುವುದು. ಮಗುವಿಗೆ ಹಾಲೂಡಿಸುವವಳು, ಉಪ್ಪಿನ ಮೂಟೆ ಹೊತ್ತ ಎತ್ತು, ಸೋತು ಕತ್ತಿ ಕೆಳಗಿಟ್ಟ ದಂಡನಾಯಕ, ಮೂಗು ಮುರಿದ ಸನ್ಯಾಸಿ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಬಾಮೈದ ಕ್ರೇನಿನ ಮೇಲಿಂದಲೇ, “ದೊಡ್ಡಕ್ಕ, ಮುಂದಿನ ಸವಾರಿ ಯಾರದು? ಬೇಗ ಕರಿ, ಗಾಡಿ ನಿಲ್ಲಿಸಿದರೆ ಡೀಸೆಲ್ ಸುಡುತ್ತೆ” ಎನ್ನುತ್ತಿದ್ದ. “ಬಾಯಿ ಮುಚ್ಚೋ, ತಾಳ ತಪ್ಪುತ್ತೆ” ಎಂದು ಅಕ್ಕ ಗದರುತ್ತಿದ್ದಳು. ಒಂದು ಕಡೆ ಮಾತ್ರ ನರ್ತಕಿಯ ಪಕ್ಕ ಆನೆ ಕೂರಲೊಲ್ಲದು. ಅಕ್ಕ ಕಣ್ಣು ಮುಚ್ಚಿ ಮತ್ತೆ ಹೇಳಿಕೊಂಡು, “ನಂದೇ ತಪ್ಪು, ನಡುವೆ ಒಬ್ಬ ಮದ್ದಳೆಯವನನ್ನ ನುಂಗಿಬಿಟ್ಟಿದ್ದೆ” ಎಂದಳು. ಮದ್ದಳೆಯವನನ್ನು ತಂದಿಟ್ಟರೆ ಮೂರೂ ಕೂಡಿಕೊಂಡವು.

ಕೊನೆಗೆ ಚಿತ್ತಾರದ ಪಟ್ಟಿ ಪೂರ್ತಿಯಾಗಿ ನೆಲದ ಮೇಲೆ ಒಂದು ಸುತ್ತು ಬಂದು ಬಾಗಿಲಿಗೆ ಮುಟ್ಟಿತು. ಕಾಲನಿಯಿಂದ ಜನ ಬಂದು ಅದರ ಸುತ್ತ ನಡೆದು ನೋಡಿದರು. ಮೇಸ್ತ್ರಿ ಗುಂಡನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಕ್ಕನ ಹತ್ತಿರ ಬಂದ. ಅವನ ಮುಖ ಅಷ್ಟು ಹಗುರಾದದ್ದನ್ನು ಯಾರೂ ನೋಡಿರಲಿಲ್ಲ.

“ಇನ್ನು ತಳದಿಂದ ಎತ್ತೋಣ ಅಕ್ಕ. ಪಟ್ಟಿ ಬರೋದು ಎದೆ ಮಟ್ಟಕ್ಕೆ. ಅದರ ಕೆಳಗೆ ಯಾವ್ಯಾವ ಕಲ್ಲು?”

ಅಕ್ಕ ಅವನ ಮುಖ ನೋಡಿದಳು.

“ಕೆಳಗೆ... ಬರೀ ಕಲ್ಲಲ್ವೇನೋ?”

“ಹೌದು. ಬೋಳುಗಲ್ಲು. ಪದದಲ್ಲಿ ಅದರದ್ದು ಏನಿದೆ ಹೇಳು.”

ಅವಳು ಮೊದಲಿಂದ ಹೇಳಿಕೊಳ್ಳತೊಡಗಿದಳು. ಬೆಟ್ಟದ ಬಾಗಿಲಿಂದ, ಹೊಳೆ, ಕಟ್ಟೆ, ಬಯಲು, ಕಡವು. ಗುಡಿಗೆ ಬಂದಳು, ಸುತ್ತಿದಳು, ಬಾಗಿಲಲ್ಲಿ ನಿಂತಳು. ಮತ್ತೊಮ್ಮೆ ಸುತ್ತಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, “ಇಲ್ಲ ಕಣೋ” ಎಂದಳು. “ಅವರ ಮೇಲೆ ಯಾರೂ ಹಾಡು ಕಟ್ಟೇ ಇಲ್ಲ.”

ಗುಡಿಯಲ್ಲಿ ಚಿತ್ತಾರದ ಕಲ್ಲು ಹತ್ತರಲ್ಲಿ ಒಂದೂ ಇರಲಿಲ್ಲ. ಉಳಿದದ್ದೆಲ್ಲ ಬೋಳು. ತಳದಲ್ಲಿ ಕೂತು ಎಲ್ಲವನ್ನೂ ಹೊತ್ತದ್ದು ಅವೇ. ಕೇಳುವವರಿಗೆ ಬೇಟೆಗಾರ ಬೇಕು, ಜಿಂಕೆ ಬೇಕು. ಜಿಂಕೆ ಯಾವುದರ ಮೇಲೆ ನಿಂತಿದೆ ಎಂದು ಯಾವ ಕಾಲದಲ್ಲೂ ಯಾರೂ ಕೇಳಿರಲಿಲ್ಲ. ಮೇಸ್ತ್ರಿಯ ಅಪ್ಪನೂ ಕೇಳಿರಲಿಲ್ಲ. ಮೇಸ್ತ್ರಿ ತಾನೇ ಆ ಗೋಡೆಗೆ ಒರಗಿ ಕೂತು ಬೆಳೆದವನು, ಬೆನ್ನಿಗೆ ತಾಗಿದ ಕಲ್ಲಿನ ನೆನಪು ಅವನಿಗೂ ಇರಲಿಲ್ಲ.

ಆದರೂ ಕೈಚೆಲ್ಲಿ ಕೂರಲಿಲ್ಲ. ಉದ್ದ ನೋಡಿ, ದಪ್ಪ ನೋಡಿ, ಮುಖದ ಮೇಲಿನ ಸುಣ್ಣದ ಬಣ್ಣ ನೋಡಿ ಜೋಡಿ ಹುಡುಕಿದ. ಎಲ್ಲವೂ ಒಂದೇ ಅಳತೆಯ ಹಾಗೆ ಕಾಣುತ್ತಿದ್ದವು. ಇಟ್ಟಾಗ ಕಾಳಿನಷ್ಟು ಸಂದು ಬಿಡುತ್ತಿದ್ದವು. ಕಾಳಿನಷ್ಟು ತಾನೆ ಎಂದು ಬಿಟ್ಟರೆ ಮೇಲಿನ ಸಾಲಿನಲ್ಲಿ ಅದು ಬೆರಳಾಗುತ್ತಿತ್ತು. ಗೋಡೆ ಸೊಂಟದ ಮಟ್ಟಕ್ಕೆ ಬಂತು. ಒಂದು ಬೆಳಗ್ಗೆ ಮೇಸ್ತ್ರಿ ಗುಂಡು ಇಳಿಬಿಟ್ಟು ನೋಡಿದ. ದಾರ ಗೋಡೆಯಿಂದ ದೂರ ನಿಂತಿತು. ಗೋಡೆಯ ಹೊಟ್ಟೆ ಒಂದು ಕಡೆ ಉಬ್ಬಿತ್ತು, ತಲೆ ಒಂದು ಕಡೆ ವಾಲಿತ್ತು. ಇನ್ನೆರಡು ಕಡೆ ಇಳಿಬಿಟ್ಟ. ಆಳುಗಳಿಗೆ ಏನೂ ಹೇಳದೆ ತಾನೇ ಹಾರೆ ತಗೊಂಡು ಮೇಲಿನ ಕಲ್ಲಿಗೆ ಮೀಟಿದ.

“ಭಾವ, ಏನ್ಮಾಡ್ತಿದ್ದೀಯ? ತಲೆ ಕೆಟ್ಟಿದೆಯಾ?” ಬಾಮೈದ ಓಡಿ ಬಂದ.

“ಇದರ ಮೇಲೆ ಮಾಡು ಕೂರಿಸಿದರೆ ಪದ ಹೇಳೋಕೆ ಒಳಗೆ ಹೋದವಳ ತಲೆ ಮೇಲೇ ಬೀಳುತ್ತೆ. ಹಿಡಿ ಆ ಕಡೆ.”

ಬಾಮೈದ ಏನೋ ತಮಾಷೆ ಮಾಡಲು ಬಾಯಿ ತೆರೆದವನು ಮುಚ್ಚಿಕೊಂಡು ಆ ಕಡೆ ಹಿಡಿದ.

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ ಎನಿಸಿತು ಅವನಿಗೆ. ಸಿಮೆಂಟಿನ ಗೋಡೆ ಎಬ್ಬಿಸಿ ಅದಕ್ಕೆ ಚಿತ್ತಾರದ ಪಟ್ಟಿ ಅಂಟಿಸೋಣವೇ ಎಂದು ಅವಳು ಮೇಲಿನವರಿಗೆ ಬರೆದಳು. ಅದು ಹಳೆಯ ಗುಡಿ ಎನಿಸುವುದಿಲ್ಲ, ಹೊಸ ಗುಡಿಗೆ ಹುಕುಂ ಇಲ್ಲ ಎಂದು ಉತ್ತರ ಬಂತು. ಚಿತ್ತಾರದ ಕಲ್ಲುಗಳನ್ನೂ ಮೂರ್ತಿಯನ್ನೂ ಜಿಲ್ಲೆಯ ಮ್ಯೂಸಿಯಂಗೆ ಕಳಿಸುವುದು. ಬೋಳುಗಲ್ಲು ಅಣೆಕಟ್ಟಿನ ಮಣ್ಣಿನ ಏರಿಗೆ, ಅಲೆ ಕೊರೆಯದ ಹಾಗೆ ಹೊದಿಸುವುದಕ್ಕೆ.

“ಏರಿ ಕೆಲಸಾನೂ ನಿಮಗೇ ಕೊಡಿಸ್ತೀನಿ ಮೇಸ್ತ್ರಿ” ಎಂದಳು ಮೇಡಂ, ನೆಲ ನೋಡುತ್ತ. “ಬೇರೆಯವರ ಕೈಗೆ ಹೋಗೋದಕ್ಕಿಂತ...”

ಅವನು ತಲೆಯಾಡಿಸಿದ. ಬೇರೆ ಏನು ಮಾಡುವುದು ಎಂದು ಅವನಿಗೂ ತೋಚಲಿಲ್ಲ.

ಲಾರಿಗಳು ಬಂದು ಬೇಟೆಗಾರನನ್ನೂ ಮರಿಜಿಂಕೆಯನ್ನೂ ಬೇರೆ ಬೇರೆ ಹುಲ್ಲಿನ ಹಾಸಿಗೆಯಲ್ಲಿ ಮಲಗಿಸಿಕೊಂಡು ಹೋದವು. ತಗಡಿನ ಶೆಡ್ಡು ಖಾಲಿಯಾಯಿತು. ಅಂದು ಸಂಜೆ ಅಕ್ಕ ಬತ್ತಿ ಹೊಸೆಯಲಿಲ್ಲ. ಬಾಗಿಲಲ್ಲಿ ಕೂತು ತಂತಿಯ ಮೇಲಿನ ಬಟ್ಟೆ ನೋಡುತ್ತಿದ್ದಳು. ತಮ್ಮ ಬಂದು ಪಕ್ಕದಲ್ಲಿ ಕೂತ.

“ಅಕ್ಕ, ಆ ಕೊನೆ ಪದ ನನಗಾದ್ರೂ ಹೇಳು. ಇಲ್ಲೇ ಹೇಳು. ಪಾಪ ಬಂದರೆ ನನಗೆ ಬರಲಿ.”

“ಪಾಪದ ಮಾತಲ್ಲ ಕಣೋ.”

“ಮತ್ತೆ?”

“ಇಲ್ಲಿ ಕೂತು ಅದು ಬಾಯಿಗೇ ಬರ್ತಿಲ್ಲ. ಒಳಗೆ ಹೋಗಿ ಕತ್ತಲಲ್ಲಿ ಆ ಕಲ್ಲಿನ ತಂಪು ಮೈಗೆ ತಾಗ್ತಿದ್ದ ಹಾಗೆ ತಾನಾಗಿ ಬರ್ತಿತ್ತು. ನಿನ್ನೆ ಎಲ್ಲ ಪ್ರಯತ್ನಪಟ್ಟೆ. ಮೊದಲನೇ ಮಾತೇ ಏಳಲಿಲ್ಲ.” ಎದ್ದು ತಂತಿಯ ಬಟ್ಟೆ ತೆಗೆಯುತ್ತ, “ನಿನ್ನ ಮೇಲೆ ಸಿಟ್ಟಿಲ್ಲ” ಎಂದಳು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಕುಸಿದಂತಾಯಿತು.

ಏರಿಯ ಕೆಲಸ ಸಲೀಸಾಗಿತ್ತು. ಅಲ್ಲಿ ಗುಂಡು ಬೇಡ, ಮಟ್ಟಗೋಲು ಬೇಡ. ಇಳಿಜಾರಿಗೆ ಕಲ್ಲು ಉರುಳಿಸಿ, ಅಲ್ಲಾಡದ ಹಾಗೆ ಒತ್ತಿ, ಸಂದಿಗೆ ಜಲ್ಲಿ ತುಂಬಿದರೆ ಮುಗಿಯಿತು. ಬಯಲಿನಲ್ಲಿ ಅಷ್ಟು ಬೇಡಿಕೊಂಡರೂ ಕೂರದ ಕಲ್ಲುಗಳು ಇಲ್ಲಿ ಎಲ್ಲಿಟ್ಟರೆ ಅಲ್ಲಿ ಕೂರುತ್ತಿದ್ದವು. ಕೆಳಗಿನ ಸಾಲುಗಳನ್ನು ನೀರು ಆಗಲೇ ಮುಚ್ಚಿತ್ತು. ಆ ನೀರಿನಡಿ ಕಟ್ಟೆ, ಕಡವು, ಕುಂಬಾರರ ಕೇರಿ ಎಲ್ಲ ಇದ್ದವು. ಮೇಲೆ ಗಾಳಿಗೆ ಸಣ್ಣ ಸುಕ್ಕು ಮಾತ್ರ.

ಗುಡಿಯ ಕಲ್ಲು ಸಾಲದೆ ಬಂದಾಗ ಗುತ್ತಿಗೆದಾರ ಗಣಿಯಿಂದ ಹೊಸ ಕಲ್ಲು ತರಿಸಿ ಸುರಿಸಿದ. ಅದೂ ಕರಿಕಲ್ಲೇ. ಉರುಳಿ ಉರುಳಿ ಹಳೆಯದರ ಸುಣ್ಣವೆಲ್ಲ ಉದುರಿತ್ತು. ಆಳುಗಳು ಕೈಗೆ ಸಿಕ್ಕಿದ್ದನ್ನು ಕೊಟ್ಟರು, ಮೇಸ್ತ್ರಿ ಕೊಟ್ಟಿದ್ದನ್ನು ಇಟ್ಟ.

ಹೆಂಡತಿಗೆ ಮೈ ಸರಿಯಿಲ್ಲದ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಕ್ಕನೇ ಬಂದಳು. ಅವಳು ಏರಿ ಕಡೆ ಬಂದದ್ದು ಅದೇ ಮೊದಲು. ಮಣ್ಣಿನ ದಾರಿ ಮುಗಿದು ಕಲ್ಲಿನ ಹೊದಿಕೆ ಶುರುವಾಗುವಲ್ಲಿ ನಿಂತು ಚಪ್ಪಲಿ ಬಿಟ್ಟಳು. ಕಲ್ಲು ಬಿಸಿಲಿಗೆ ಕಾದು ಹೆಂಚಾಗಿತ್ತು.

“ಚಪ್ಪಲಿ ಹಾಕ್ಕೊಂಡು ಬಾ ಅಕ್ಕ, ಸುಡುತ್ತೆ!” ಎಂದು ಮೇಸ್ತ್ರಿ ಕೆಳಗಿನಿಂದ ಕೂಗಿದ.

“ನಮ್ಮವು ಯಾವುವೋ? ಅದನ್ನ ಬಿಟ್ಟು ಹೊಸದರ ಮೇಲೆ ಕಾಲಿಟ್ಟು ಬರ್ತೀನಿ, ತೋರಿಸು.”

ಮೇಸ್ತ್ರಿ ಎದ್ದು ನಿಂತ. ಕೆಳಗಿನಿಂದ ಮೇಲಿನವರೆಗೆ ನೋಡಿದ, ಎಡದಿಂದ ಬಲಕ್ಕೆ ನೋಡಿದ. ತನ್ನ ಕೈಯಾರೆ ಇಟ್ಟ ಕಲ್ಲುಗಳು. ಬಗ್ಗಿ ಒಂದರ ಮೇಲೆ ಅಂಗೈ ಆಡಿಸಿದ. ಪಕ್ಕದ್ದನ್ನು ಮುಟ್ಟಿದ. ಅದರಾಚೆಯದನ್ನು ಮುಟ್ಟಿದ.

“ಗೊತ್ತಾಗ್ತಿಲ್ಲ ಅಕ್ಕ” ಎಂದ.

ಅವಳಿಗೆ ಕೇಳಿಸಿತೋ ಇಲ್ಲವೋ. ಒಂದು ಕಾಲು ಮುಂದಿಟ್ಟವಳು ಹಿಂದೆ ತೆಗೆದುಕೊಂಡಳು. ಬೇರೆ ಕಡೆ ಇಡಲು ನೋಡಿ ಅಲ್ಲೂ ತೆಗೆದುಕೊಂಡಳು. ಆಮೇಲೆ ಡಬ್ಬಿಯನ್ನು ಮಣ್ಣಿನ ಮೇಲೆ ಇಟ್ಟು ಅದರ ಪಕ್ಕ ಕೂತುಬಿಟ್ಟಳು. ಮೇಸ್ತ್ರಿ ಹತ್ತಿ ಹೋಗಬೇಕಿತ್ತು. ಅವನ ಕಾಲಡಿಯೂ ಕಲ್ಲೇ ಇತ್ತು. ಮೇಲಿನ ಆಳು, “ಮೇಸ್ತ್ರಿ, ಇದನ್ನ ಎಲ್ಲಿ ಬಿಡಲಿ?” ಎಂದು ಇನ್ನೊಂದು ಕಲ್ಲನ್ನು ಹಾರೆಗೆ ಆನಿಸಿ ಕಾಯುತ್ತಿದ್ದ.